ಕಾಯುವ ಪ್ರೀತಿ ಯಾರ ಪಾಲಿಗೆ?

ಹಾಂಕಿ ಟಾಂಕ್ ಅಂದ್ರೆ ಅಮೆರಿಕದಲ್ಲಿ ದುಡಿದು ದಣಿದವರು ಸಂಜೆ ಕುಡಿಯೋಕೆ, ಕುಣಿಯೋಕೆ ಸೇರುವ ಅಡ್ಡೆ. ಅಂಥ ಕಡೆ ಹಾಡುತ್ತಲೇ ಬೆಳೆದದ್ದು ಒಕ್ಲಹೋಮಾದ ಟರ್ನ್‌ಪೈಕ್ ಟ್ರೂಬಡೋರ್ಸ್ ಎಂಬ ಕಂಟ್ರಿ ಬ್ಯಾಂಡ್. ದೊಡ್ಡ ಕಂಪನಿಗೆ ಕೈಚಾಚದೆ ತಮ್ಮದೇ ಲೇಬಲ್‌ನಲ್ಲಿ ಆಲ್ಬಮ್ ತಂದವರು. ಗಾಯಕ ಇವಾನ್ ಫೆಲ್ಕರ್ ಕುಡಿತಕ್ಕೆ ಸಿಕ್ಕಿ, ಶೋಗಳು ರದ್ದಾಗಿ, 2019ರಲ್ಲಿ ಬ್ಯಾಂಡ್ ನಿಂತೇ ಹೋಯ್ತು. ಅಭಿಮಾನಿಗಳು ಕಾದರು. ಫೆಲ್ಕರ್ ಕುಡಿತ ಬಿಟ್ಟರು. 2022ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಜನ ಟಿಕೆಟ್‌ಗೆ ಮುಗಿಬಿದ್ದರು.

ನನಗೆ ಇದು ಇಷ್ಟ. ಬಿದ್ದವರಿಗೆ ಏಳೋಕೆ ಸಮಯ ಕೊಡೋದು ದೊಡ್ಡ ಗುಣ. ಕಲಾವಿದರನ್ನು ಉಳಿಸೋದು ಧಣಿಗಳಲ್ಲ, ಜನ.

ಆದ್ರೆ ಅದೇ ಕಂಟ್ರಿ ಸಂಗೀತದ ಇನ್ನೊಂದು ಹೆಸರೂ ನೆನಪಿರಲಿ: ಡಿಫೋರ್ಡ್ ಬೇಲಿ. ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು. 1941ರಲ್ಲಿ ಅವರನ್ನು ತೆಗೆದುಹಾಕಿದರು. ಆಮೇಲೆ ಶೂ ಪಾಲಿಶ್ ಮಾಡಿ ಬದುಕಿದರು. ತೀರಿಕೊಂಡದ್ದು 1982ರಲ್ಲಿ. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ!

ಒಬ್ಬರಿಗೆ ಮೂರು ವರ್ಷ ಕಾಯುವ ಪ್ರೀತಿ. ಇನ್ನೊಬ್ಬರಿಗೆ ಸತ್ತು 23 ವರ್ಷದ ಮೇಲೆ ಹಾರ. ಇದು ಆ ಬ್ಯಾಂಡಿನ ತಪ್ಪಲ್ಲ. ಆದ್ರೆ "ಇದು ದುಡಿಯೋರ ಸಂಗೀತ" ಅಂತ ಎದೆ ತಟ್ಟಿಕೊಳ್ಳೋ ಅಭಿಮಾನಿಗಳು, ಯಾವ ದುಡಿಯೋರನ್ನ ಹೊರಗಿಟ್ಟು ಈ ವೇದಿಕೆ ಬೆಳೀತು ಅಂತಲೂ ಕೇಳಬೇಕು. ಮೂರು ವರ್ಷ ಕಾಯಬಲ್ಲ ಜನಕ್ಕೆ ಈ ಪ್ರಶ್ನೆ ಭಾರ ಆಗಬಾರದು.

ಜೈ ಭೀಮ್.