ಆರು ಗುಂಡಿನ ಜಾಗದಲ್ಲಿ ಐದೇ ಗುಂಡು

"ದಿನಾ ಜೊತೆಗಿಟ್ಟುಕೊಂಡು ಓಡಾಡೋಕೆ ಹಳೇ ಕಾಲದ ಸಿಂಗಲ್ ಆಕ್ಷನ್ ರಿವಾಲ್ವರೇ ಬೆಸ್ಟು." ಅಮೆರಿಕದಲ್ಲಿ ಈ ವಾದ ಮಾಡೋರು ಇವತ್ತಿಗೂ ಇದ್ದಾರೆ. ಬಸವನಗುಡಿಯ ನಮ್ಮ ಕ್ಯಾಂಟೀನಲ್ಲೂ ಇದು ಆಗಾಗ ಕೇಳಿಬರುತ್ತೆ, ಅದರಲ್ಲೂ ರಾತ್ರಿ ಸರ ಕಿತ್ತ ಸುದ್ದಿ ಬಂದ ಮರುದಿನ. ಸಿನಿಮಾ ಹುಚ್ಚು ಅಂತ ನಕ್ಕು ತಳ್ಳಿಹಾಕಬಹುದು. ಆದರೆ ನಾವು ಎಂಜಿನಿಯರಿಂಗ್ ಓದುವವರು. ಯಂತ್ರದ ಬಗ್ಗೆ ಬಂದ ವಾದಕ್ಕೆ ಯಂತ್ರದಿಂದಲೇ ಉತ್ತರ ಶುರು ಮಾಡೋಣ.

ಯಂತ್ರ ಚೆನ್ನಾಗಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಹೋದ ಕೋಲ್ಟ್ ಸಿಂಗಲ್ ಆಕ್ಷನ್ ಇದರ ದೊಡ್ಡ ಉದಾಹರಣೆ. ಹೆಬ್ಬೆರಳಿಂದ ಹ್ಯಾಮರನ್ನು ಹಿಂದಕ್ಕೆ ಎಳೆಯಬೇಕು, ಆಗ ಸಿಲಿಂಡರ್ ಒಂದು ಮನೆ ತಿರುಗುತ್ತೆ. ಟ್ರಿಗರ್‌ಗೆ ಉಳಿಯೋದು ಒಂದೇ ಕೆಲಸ, ಹ್ಯಾಮರನ್ನು ಬಿಡೋದು. ಅದಕ್ಕೇ ಆ ಹೆಸರು. ಡಬಲ್ ಆಕ್ಷನ್‌ನಲ್ಲಿ ಎಳೆಯೋದು, ಬಿಡೋದು ಎರಡೂ ಟ್ರಿಗರ್‌ನದೇ ಕೆಲಸ. ಸಿಂಗಲ್ ಆಕ್ಷನ್‌ನಲ್ಲಿ ಭಾಗಗಳು ಕಡಿಮೆ. ಪ್ರತಿ ಗುಂಡಿಗೂ ಹ್ಯಾಮರ್ ಎಳೆಯಲೇಬೇಕಾದ್ದರಿಂದ ಎರಡನೇ ಗುಂಡು ಗಾಬರಿಯಲ್ಲಿ ತಾನಾಗಿ ಹಾರೋದಿಲ್ಲ. ಈ ಎರಡೇ ಕಾರಣಕ್ಕೆ ಅದರ ಅಭಿಮಾನಿಗಳು ಅದನ್ನು 'ನಂಬಿಕಸ್ಥ' ಅಂತಾರೆ.

ಆದರೆ ಅದೇ ಅಭಿಮಾನಿಗಳು ಪಾಲಿಸಿಕೊಂಡು ಬಂದ ಒಂದು ನಿಯಮ ಇದೆ: ಆರು ಮನೆ ಇದ್ದರೂ ಐದೇ ಗುಂಡು ತುಂಬಬೇಕು. ಹಳೇ ವಿನ್ಯಾಸದಲ್ಲಿ ಹ್ಯಾಮರ್ ಕೆಳಗಿದ್ದಾಗ ಅದರ ಮೊಳೆ ಗುಂಡಿನ ಬುಡಕ್ಕೇ ತಾಗಿರುತ್ತೆ. ಕೈಜಾರಿ ನೆಲಕ್ಕೆ ಬಿದ್ದರೆ ಸಿಡಿಯಬಹುದು. ಅದಕ್ಕೆ ಹ್ಯಾಮರ್ ಕೆಳಗಿನ ಮನೆ ಖಾಲಿ ಬಿಡೋದು. ರೂಗರ್ ಕಂಪನಿ ತನ್ನ ರಿವಾಲ್ವರ್‌ಗಳಿಗೆ ಟ್ರಾನ್ಸ್‌ಫರ್ ಬಾರ್ ಹಾಕಿ ಈ ದೋಷ ತೆಗೆದಿದ್ದು 1973ರಲ್ಲಿ, ಅಂದ್ರೆ ಸರಿಯಾಗಿ ನೂರು ವರ್ಷ ಆದಮೇಲೆ. ಅಷ್ಟು ಕಾಲ ಸುರಕ್ಷತೆ ಇದ್ದದ್ದು ಯಂತ್ರದಲ್ಲಲ್ಲ, ಬಳಸುವವನ ಶಿಸ್ತಿನಲ್ಲಿ. ನಮ್ಮ ವಾದವೂ ಇಷ್ಟೇ. ಬಿಡಿಭಾಗ ನಂಬಿಕಸ್ಥ ಅಂದ ಮಾತ್ರಕ್ಕೆ ವ್ಯವಸ್ಥೆ ನಂಬಿಕಸ್ಥ ಆಗಲ್ಲ. ಬಳಸುವ ಕೈ, ಆ ಗಾಬರಿ, ಸುತ್ತಲಿನ ಬೀದಿ, ಇವೂ ವ್ಯವಸ್ಥೆಯ ಭಾಗಗಳೇ.

ಬೀದಿಯನ್ನೇ ತಗೊಳ್ಳಿ. ಸಂಜೆ ಏಳು ಗಂಟೆ, ಗಾಂಧಿ ಬಜಾರ್. ಬೈಕಲ್ಲಿ ಬಂದವನು ಸರ ಕಿತ್ತು ಹೋಗೋಕೆ ಎಷ್ಟು ಹೊತ್ತು? ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಬ್ಯಾಗ್ ಜಿಪ್ ತೆಗೆದು, ಹ್ಯಾಮರ್ ಎಳೆದು, ಗುರಿ ಹಿಡಿಯಬೇಕು. ಯಾರ ಕಡೆಗೆ? ಅವನ ಹಿಂದೆ ಹೂವಿನ ಅಂಗಡಿ, ಅದರ ಹಿಂದೆ ಮಗು ಎತ್ತಿಕೊಂಡ ತಾಯಿ. ಹಳೇ .45 ಕೋಲ್ಟ್ ಗುಂಡಿನ ತೂಕ ಸುಮಾರು 16 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 260 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿ ನೋಡಿ, 540 ಜೌಲ್ ಹತ್ತಿರ ಬರುತ್ತೆ. ಗುರಿ ತಪ್ಪಿದರೂ ಆ ಶಕ್ತಿ ಎಲ್ಲೋ ಒಂದು ಕಡೆ ಹೋಗಲೇಬೇಕು. ಇನ್ನು ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ ಒಬ್ಬರ ಭುಜ ಇನ್ನೊಬ್ಬರಿಗೆ ತಾಗುವಾಗ, ಹತ್ತು ಜನರ ಬ್ಯಾಗಲ್ಲಿ ಇಂಥದ್ದು ಇದ್ದರೆ? ನಾವಂತೂ ಆ ಪರಿಷೆಗೆ ಹೋಗಲ್ಲ.

ಕಾನೂನೂ ಗೊತ್ತಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ. 21 ವರ್ಷ ತುಂಬಿರಬೇಕು, ಅಂದ್ರೆ ನಮ್ಮಲ್ಲಿ ಬಹುಪಾಲು ಜನ ಅಲ್ಲೇ ಹೊರಗೆ. ಬೆಂಗಳೂರಲ್ಲಿ ಲೈಸೆನ್ಸ್ ಕೊಡೋದು ಪೊಲೀಸ್ ಕಮಿಷನರ್, ಯಾಕೆ ಬೇಕು ಅಂತ ಕಾರಣ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕು ಕೊಡುತ್ತೆ ನಿಜ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡೋಕೆ ಬಿಡಲ್ಲ. ಜೀವಭಯ ಇಲ್ಲದ ಬರೀ ಕಳ್ಳತನಕ್ಕೆ ಪ್ರಾಣ ತೆಗೆಯೋ ಹಕ್ಕನ್ನಂತೂ ಕೊಡಲ್ಲ. ಫೋನ್ ಕಿತ್ತವನ ಬೆನ್ನಿಗೆ ಗುಂಡು ಹೊಡೆದರೆ ಕೋರ್ಟಲ್ಲಿ ಆರೋಪಿಯಾಗಿ ನಿಲ್ಲೋದು ನೀವು.

"ಹಾಗಾದ್ರೆ ಕೊಡವರು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅಲ್ಲಿ ಕೋವಿ ಬಚ್ಚಿಟ್ಟುಕೊಳ್ಳೋ ವಸ್ತು ಅಲ್ಲ. ಕೈಲ್‌ಪೊಳ್ದ್‌ನಲ್ಲಿ ಮನೆಮಂದಿಯೆಲ್ಲ ಸೇರಿ ಹೂವಿಟ್ಟು ಪೂಜಿಸ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಕೇಳಿದ ಊರಿಗೆಲ್ಲ ಅರ್ಥ ಆಗುತ್ತೆ. ಹಿರಿಯರು, ಮನೆತನ, ಊರು ಎಲ್ಲದರ ಕಣ್ಣೆದುರಿಗೆ ಇರೋ ಆಯುಧ ಅದು. ಪಿ.ಜಿ. ರೂಮಿನ ಬ್ಯಾಗಲ್ಲಿ ರೂಮ್‌ಮೇಟ್‌ಗೂ ಗೊತ್ತಿಲ್ಲದೆ ಇರೋದಕ್ಕೂ ಅದಕ್ಕೂ ಹೋಲಿಕೆ ಎಲ್ಲಿ?

ಭಯ ಸುಳ್ಳು ಅಂತ ನಾವು ಹೇಳ್ತಿಲ್ಲ. ಪ್ರಾಜೆಕ್ಟ್ ಮುಗಿಸಿ ರಾತ್ರಿ ಹತ್ತಕ್ಕೆ ಚಾಮರಾಜಪೇಟೆಗೆ ಒಬ್ಬಳೇ ನಡೆಯೋ ಗೆಳತಿಯ ಭಯ ನಿಜ. ದೆಹಲಿಯ 2012ರ ಘಟನೆ ಆದಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳಿಗೆ ಅಂತ 'ನಿರ್ಭೀಕ್' ರಿವಾಲ್ವರ್ ತಂತು. .32 ಬೋರ್, ಸುಮಾರು 500 ಗ್ರಾಂ, ಬೆಲೆ 1.22 ಲಕ್ಷ. ಹಗುರ ಮಾಡಿದ್ದು ರಿವಾಲ್ವರನ್ನು. ಹೊಣೆ ಮಾತ್ರ ಅಷ್ಟೇ ಭಾರವಾಗಿ ಅವಳ ಹೆಗಲಿಗೇ ಬಂತು. ಬೀದಿದೀಪ ಉರಿಯದಿದ್ದರೆ, ಕೊನೇ ಬಸ್ಸು ಬೇಗ ಹೋದರೆ, ಅದಕ್ಕೆ ಉತ್ತರ ಅವಳ ಬ್ಯಾಗಲ್ಲಿ ಇರಬೇಕಾ?

ನಾವು ಕೇಳೋದು ಇಷ್ಟು. ಲ್ಯಾಬ್ ತಡವಾಗಿ ಬಿಟ್ಟ ದಿನ ಮಲ್ಲೇಶ್ವರ, ಚಾಮರಾಜಪೇಟೆ, ಜಯನಗರ ಅಂತ ದಿಕ್ಕಿಗೊಂದು ಗುಂಪು ಮಾಡಿಕೊಂಡು ಹೊರಡೋಣ. ಕೆಟ್ಟುಹೋದ ಬೀದಿದೀಪದ ಕಂಬದ ನಂಬರ್ ಬರೆದು ದೂರು ಕೊಡೋಣ, ಸರಿಯಾಗೋ ತನಕ ಬಿಡದೆ ಕೇಳೋಣ. 112 ಎಲ್ಲರ ಫೋನಲ್ಲೂ ಇರಲಿ. ಗುಂಡು ಹೊಡೆಯೋ ಆಸೆ ಇದ್ದರೆ ಎನ್‌ಸಿಸಿ ಸೇರಿ, ಫೈರಿಂಗ್ ರೇಂಜಲ್ಲಿ ಕಲಿಯಿರಿ. ಅಲ್ಲಿ ಕಲಿಸೋ ಮೊದಲ ಪಾಠ ಗುರಿ ಹಿಡಿಯೋದಲ್ಲ, ನಳಿಗೆಯನ್ನು ಯಾರ ಕಡೆಗೂ ತಿರುಗಿಸದಿರೋದು.

ಆಯುಧಪೂಜೆ ದಿನ ನಮ್ಮ ವರ್ಕ್‌ಶಾಪಿನ ಲೇತಿಗೂ ಕುಂಕುಮ ಇಡ್ತೀವಿ. ಯಂತ್ರಕ್ಕೆ ಕೊಡೋ ಗೌರವ ಅದು. ಹಳೇ ರಿವಾಲ್ವರಿಗೂ ಆ ಗೌರವ ಸಲ್ಲಲಿ. ಅದರ ಡ್ರಾಯಿಂಗ್ ಬಿಡಿಸೋಣ, ಸ್ಪ್ರಿಂಗ್ ಲೆಕ್ಕ ಹಾಕೋಣ. ಬ್ಯಾಗಿಗೆ ಮಾತ್ರ ಬೇಡ.