ಮೆಟ್ಟಿಲ ಕೆಳಗೆ ಉಳಿದ ಗ್ರಾಹಕ

ನಮ್ಮ ನಗರಗಳ ದರ್ಶಿನಿ ಹೋಟೆಲುಗಳು ಶುಚಿಗೂ ವೇಗಕ್ಕೂ ಹೆಸರಾದವು. ಆದರೆ ಈ ವೇಗದ ಲೆಕ್ಕಾಚಾರದಲ್ಲಿ ಒಂದು ವರ್ಗದ ಗ್ರಾಹಕರನ್ನು ಮೊದಲಿನಿಂದಲೇ ಕೈಬಿಡಲಾಗಿದೆ. ಬಾಗಿಲಲ್ಲಿ ಮೂರು ಮೆಟ್ಟಿಲು. ಒಳಗೆ ನಿಂತು ತಿನ್ನುವವರಿಗೆಂದೇ ಮಾಡಿದ ಎತ್ತರದ ಮೇಜು. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದರ ಮೇಲಿನ ತಟ್ಟೆ ಎಟಕುವುದಿಲ್ಲ. ತಿಂಡಿಗಳ ಪಟ್ಟಿ ಗೋಡೆಯ ಮೇಲಿರುತ್ತದೆ, ಅಂಧರಿಗೆ ಅದನ್ನು ಓದಿ ಹೇಳುವವರಿಲ್ಲ. ದೋಸೆ ಸಿದ್ಧವಾದಾಗ ಕೂಗುವ ಸಂಖ್ಯೆ ಕಿವುಡರನ್ನು ತಲುಪುವುದಿಲ್ಲ.

ಇದಕ್ಕಿಂತಲೂ ನೋವಿನ ಸಂಗತಿ ಬೇರೆ ಇದೆ. ಸಪ್ಲೈಯರ್ ವಿಕಲಚೇತನ ವ್ಯಕ್ತಿಯನ್ನು ಬಿಟ್ಟು ಜೊತೆಯಲ್ಲಿರುವವರತ್ತ ತಿರುಗಿ, "ಇವರಿಗೇನು ಬೇಕಂತೆ?" ಎಂದು ಕೇಳುತ್ತಾನೆ. ಕಾಲು ನಡೆಯದವರಿಗೆ ಬಾಯಿಯೂ ಇಲ್ಲವೆಂಬ ಈ ಊಹೆ ಎಲ್ಲಿಂದ ಬಂತು? ಕೆಲವು ಮಾಲೀಕರು ಕನಿಕರಪಟ್ಟು ಹಣವನ್ನೇ ಪಡೆಯದೆ ಕಳುಹಿಸುವುದೂ ಉಂಟು. ಅವರ ಸಜ್ಜನಿಕೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಹೋಟೆಲಿಗೆ ಬಂದವರು ಗ್ರಾಹಕರು, ಯಾಚಕರಲ್ಲ. ಚಹಾ ಸರಿಯಿಲ್ಲವೆಂದು ಗದರಿಸುವ ಅಧಿಕಾರವೂ ಬಿಲ್ಲಿನ ಜೊತೆಗೇ ಬರುತ್ತದೆ. ಪುಕ್ಕಟೆ ಕುಡಿದವರಿಗೆ ಆ ಅಧಿಕಾರ ಎಲ್ಲಿಯದು?

ದುಬಾರಿ ಹೋಟೆಲುಗಳ ಸ್ಥಿತಿ ಉತ್ತಮವೆಂದೂ ಹೇಳಲಾಗದು. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಒಂದು ರೆಸ್ಟೋರೆಂಟಿನಲ್ಲಿ ಗಾಲಿಕುರ್ಚಿಯಲ್ಲಿ ಬಂದ ಯುವತಿಯನ್ನು ಬಾಗಿಲಲ್ಲೇ ತಡೆಯಲಾಯಿತು. ಒಳಗಿರುವ ಇತರ ಗ್ರಾಹಕರಿಗೆ ತೊಂದರೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಕಾನೂನಿನ ಕೊರತೆಯಿದೆಯೇ? ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಸರಕಾರಿ ಮತ್ತು ಖಾಸಗಿ ಸೇವಾದಾರರಿಬ್ಬರನ್ನೂ ಹೊಣೆಗಾರರನ್ನಾಗಿ ಮಾಡಿದೆ. ನಿಯಮಗಳು ಪ್ರಕಟವಾದ ಎರಡು ವರ್ಷಗಳೊಳಗೆ ಅವರು ತಮ್ಮ ಸೇವೆಯನ್ನು ಸುಗಮಗೊಳಿಸಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ಎಂದೋ ಮುಗಿದಿದೆ. ಆ ನಿಯಮಗಳಾದರೋ ಕಡ್ಡಾಯದ ದನಿಯಲ್ಲಿರದೆ ಸಲಹೆಯ ದನಿಯಲ್ಲಿದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಎತ್ತಿ ತೋರಿಸಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಸಂಸತ್ತು ಕೊಟ್ಟ ಹಕ್ಕನ್ನು ಅಧಿಕಾರಿಗಳ ಲೇಖನಿ ಏಳು ವರ್ಷಗಳ ಕಾಲ ಬರಿಯ ಸಲಹೆಯಾಗಿ ಉಳಿಸಿತ್ತು ಎಂಬುದು ಸಣ್ಣ ಮಾತಲ್ಲ.

ಖರ್ಚಿನ ನೆಪ ಹೇಳುವವರಿದ್ದಾರೆ. ಲಿಫ್ಟಿಗೆ ಖರ್ಚಿದೆ ನಿಜ. ಆದರೆ ಒಂದು ಮೇಜನ್ನು ತಗ್ಗಿಸಲು, ಪಟ್ಟಿಯನ್ನು ಓದಿ ಹೇಳಲು, ಸಂಖ್ಯೆಯನ್ನು ಬೋರ್ಡಿನಲ್ಲಿ ತೋರಿಸಲು ಎಷ್ಟು ಬೇಕು? ಗ್ರಾಹಕರ ಮುಖ ನೋಡಿ ಮಾತಾಡಲು ಏನೂ ಬೇಕಿಲ್ಲ. 2017ರಲ್ಲಿ ಅಲೀನಾ ಆಲಂ ಹುಬ್ಬಳ್ಳಿಯಲ್ಲಿ ಆರಂಭಿಸಿದ ಮಿಟ್ಟಿ ಕೆಫೆಯಲ್ಲಿ ಗ್ರಾಹಕರನ್ನು ಉಪಚರಿಸುವವರೇ ವಿಕಲಚೇತನರು. 2023ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಆವರಣದಲ್ಲೇ ಅದರ ಶಾಖೆ ತೆರೆಯಿತು. ಬಡಿಸಲು ಬಲ್ಲವರಿಗೆ ಕುಳಿತು ಉಣ್ಣಲು ಜಾಗವಿಲ್ಲವೇ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಕಾಯ್ದೆಯನ್ನು ಮೊದಲ ಬಾರಿ ಉಲ್ಲಂಘಿಸಿದರೆ 10 ಸಾವಿರ ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ವಿಧಿಸಬಹುದು. ಸ್ಥಳೀಯ ಸಂಸ್ಥೆಗಳು ಇದನ್ನು ನೆನಪಿಸಿಕೊಳ್ಳಲಿ. ಹೋಟೆಲಿನ ಪರವಾನಗಿ ನವೀಕರಿಸುವ ಅಧಿಕಾರಿ, ಬಾಗಿಲಲ್ಲಿ ಇಳಿಜಾರು ದಾರಿ ಇದೆಯೇ ಎಂದು ಖುದ್ದಾಗಿ ಹೋಗಿ ನೋಡಬೇಕು. ಇದ್ದರೆ, ಅದರ ಮೇಲೆ ಬೈಕು ನಿಲ್ಲಿಸಿದ್ದಾರೆಯೇ ಎಂಬುದನ್ನೂ ನೋಡಬೇಕು.