ಒಡಪನ್ನು ಹಳಿಯುವವರಿಗೆ ಒಂದು ಉತ್ತರ

ಒಡಪು, ಒಗಟು, ಮುಂಡಿಗೆ, ಬೆಡಗು, ಪ್ರಹೇಲಿಕೆ ಎಂದು ಹೆಸರುಗಳು ಹಲವು, ವಸ್ತು ಒಂದೇ. ಹೇಳಬೇಕಾದುದನ್ನು ಮರೆಯಿಟ್ಟು ಹೇಳುವದು, ಕೇಳಿದವನು ಆ ಮರೆಯನ್ನು ಸರಿಸಿ ಕಾಣುವದು. ಈ ವಿನೋದವು ಹುರುಳಿಲ್ಲದ್ದು, ಕೆಲಸವಿಲ್ಲದವರ ಕಾಲಹರಣ, ಓದು ಬಾರದವರ ಚಪಲ ಎಂದು ಹಳಿಯುವದು ವಿದ್ಯಾವಂತರಲ್ಲಿ ಈಗೊಂದು ರೂಢಿಯಾಗಿಬಿಟ್ಟಿದೆ. ಈಚೆಗೆ ನಮ್ಮ ಭಾಗದ ಒಂದು ಶಿಕ್ಷಕರ ಸಭೆಯಲ್ಲಿ ತರುಣ ಉಪಾಧ್ಯಾಯರೊಬ್ಬರು, ತಾವು ವಾರಕ್ಕೊಮ್ಮೆ ಮಕ್ಕಳಿಂದ ಒಡಪು ಹೇಳಿಸುತ್ತೇವೆಂದು ವಿನಯದಿಂದ ತಿಳಿಸಿದರು. ಆಗ ಹಿರಿಯರೊಬ್ಬರು, "ಪರೀಕ್ಷೆಗೆ ಬಾರದ್ದನ್ನು ಕಲಿಸಿ ಮಕ್ಕಳ ಹೊತ್ತನ್ನೇಕೆ ಕೆಡಿಸುತ್ತೀರಿ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ತರುಣರು ತಲೆ ತಗ್ಗಿಸಿ ಕುಳಿತರು. ಅವರು ತಲೆ ತಗ್ಗಿಸಬೇಕಾದ ಕಾರಣವಿರಲಿಲ್ಲ ಎಂಬದನ್ನು ತೋರಿಸುವದೇ ಈ ಲೇಖನದ ಉದ್ದೇಶ.

ನಮ್ಮ ಶಾಸ್ತ್ರಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳಿಬಿಡೋಣ. ಒಡಪನ್ನು ಹಳಿಯುವವರ ವಾದಗಳು ಮೂರು. ಒಂದನೆಯದು, ಅಲಂಕಾರಶಾಸ್ತ್ರಜ್ಞರೇ ಇದನ್ನು ಕಾವ್ಯದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದಾರೆ ಎಂಬದು. ಎರಡನೆಯದು, ಇದರಿಂದ ಲೋಕಕ್ಕೆ ಯಾವ ಪ್ರಯೋಜನವೂ ಇಲ್ಲ ಎಂಬದು. ಮೂರನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ: ಇದು ಹೊಲಗದ್ದೆಯವರ, ಬೀಸುವ ಕುಟ್ಟುವ ಹೆಂಗಸರ ಸೊತ್ತು, ಕಲಿತವರಿಗೆ ಇದು ಒಪ್ಪದು ಎಂಬದು.

ಮೊದಲನೆಯ ವಾದಕ್ಕೆ ಆಧಾರವಿಲ್ಲದೆ ಇಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ಪ್ರಹೇಲಿಕೆಯು ರಸಕ್ಕೆ ಅಡ್ಡಿಯಾದ್ದರಿಂದ ಅದು ಅಲಂಕಾರವಲ್ಲವೆಂದು ಹೇಳಿದ್ದು ನಿಜ. ಅದಕ್ಕೂ ಬಹು ಹಿಂದೆ ಭಾಮಹನು, ವ್ಯಾಖ್ಯಾನದ ನೆರವಿಲ್ಲದೆ ತಿಳಿಯದ ಕಾವ್ಯವು ಮಂದಮತಿಗಳನ್ನು ಕೊಂದಂತೆಯೇ ಸರಿ ಎಂದು ಮರುಗಿದ್ದನು. ಆದರೆ ಇವರಿಬ್ಬರನ್ನು ಹೆಸರಿಸುವವರು ದಂಡಿಯನ್ನು ಮರೆಯುವದೇಕೆ? ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಪ್ರಹೇಲಿಕೆಯ 16 ಬಗೆಗಳನ್ನು ಲಕ್ಷಣ ಲಕ್ಷ್ಯ ಸಹಿತವಾಗಿ ವಿವರಿಸಿದ್ದಾನೆ. ವಿನೋದಗೋಷ್ಠಿಯಲ್ಲಿಯೂ, ಜನಸಂದಣಿಯ ನಡುವೆ ತಿಳಿದವರು ತಮ್ಮೊಳಗೆ ಮಾತಾಡಿಕೊಳ್ಳುವದಕ್ಕೂ, ಎದುರಾಳಿಯನ್ನು ಮರುಳುಮಾಡುವದಕ್ಕೂ ಅವು ಉಪಯುಕ್ತವೆಂದು ಪ್ರಯೋಜನವನ್ನೂ ಹೇಳಿದ್ದಾನೆ. ವಾತ್ಸ್ಯಾಯನನು ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಪ್ರಹೇಲಿಕೆಗೆ ಸ್ಥಾನ ಕೊಟ್ಟಿದ್ದಾನೆ. ಇನ್ನು ಶ್ರುತಿಯನ್ನೇ ನೋಡುವದಾದರೆ, ಋಗ್ವೇದದ ಒಂದನೆಯ ಮಂಡಲದ 164ನೆಯ ಸೂಕ್ತದಲ್ಲಿ ದೀರ್ಘತಮಸನು ಕೇಳುವದೆಲ್ಲ ಒಡಪಿನ ಧಾಟಿಯೇ. ಅಶ್ವಮೇಧದಲ್ಲಿ ಋತ್ವಿಜರು ಪರಸ್ಪರ ಗೂಢಪ್ರಶ್ನೆಗಳನ್ನು ಕೇಳಿ ಉತ್ತರಿಸುವ ಬ್ರಹ್ಮೋದ್ಯವು ಯಜ್ಞಕರ್ಮದ ಒಂದು ಅಂಗವೇ ಆಗಿತ್ತು. ಯಜ್ಞಶಾಲೆಯಲ್ಲಿ ಸಲ್ಲುವದು ಪಾಠಶಾಲೆಯಲ್ಲಿ ಸಲ್ಲದೇ? ವಿಶ್ವನಾಥನು ಹೇಳಿದ್ದು ರಸದ ಮಾತು. ಬುದ್ಧಿಯ ವ್ಯಾಯಾಮಕ್ಕೆ ಅದು ನಿಷೇಧವಲ್ಲ. ಬಟ್ಟಲಲ್ಲಿ ಪಾಯಸವಿಲ್ಲವೆಂದು ಗರಡಿಮನೆಯನ್ನು ಯಾರಾದರೂ ದೂರುತ್ತಾರೆಯೇ?

ಎರಡನೆಯದು ಪ್ರಯೋಜನದ ಮಾತು. ಇದಕ್ಕೆ ಉತ್ತರವನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಕೊಂಡಾಡಿ ಆರಂಭವಾಗುವ ಗ್ರಂಥ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಕಾಲ ಸುಮಾರು 850. ಅದರಲ್ಲೊಂದು ಲೆಕ್ಕವುಂಟು. ಪ್ರಣಯಕಲಹದಲ್ಲಿ ಒಬ್ಬಳ ಮುತ್ತಿನ ಹಾರ ಹರಿಯಿತು. ಮುತ್ತುಗಳಲ್ಲಿ ಮೂರರಲ್ಲೊಂದು ಪಾಲು ದಾಸಿಯ ಕಡೆಗೆ ಉರುಳಿತು; ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿದ್ದಿತು; ಉಳಿದುದರ ಅರ್ಧ, ಅದರಲ್ಲುಳಿದುದರ ಅರ್ಧ, ಹೀಗೆ ಆರು ಸಲ ಅರ್ಧರ್ಧವಾಗಿ ಅಲ್ಲಲ್ಲಿ ಚದುರಿತು; ಕಡೆಗೆ ಚದುರದೆ ಉಳಿದ ಮುತ್ತುಗಳು 1,161. ಹಾರದಲ್ಲಿದ್ದ ಮುತ್ತುಗಳೆಷ್ಟು? ಉತ್ತರ 1,48,608. ವಾಚಕ ಮಹಾಶಯರೇ, ಒಂದೂವರೆ ಲಕ್ಷ ಮುತ್ತಿನ ಹಾರವನ್ನು ಹೊರುವ ಕೊರಳು ಯಾವ ಲೋಕದಲ್ಲಿದೆ? ಅಂಗಡಿಯ ವ್ಯವಹಾರಕ್ಕೆ ಈ ಲೆಕ್ಕ ಎಂದೂ ಬಾರದು. ಹಾಗೆಂದು ಆಚಾರ್ಯನು ಬಿಡಲಿಲ್ಲ. ಸುಮ್ಮನೆ ಭಿನ್ನರಾಶಿಗಳನ್ನು ಕೊಟ್ಟಿದ್ದರೆ ಹುಡುಗನು ಆಕಳಿಸುತ್ತಿದ್ದನು. ಹಾರ ಹರಿದು ಮುತ್ತು ಚೆಲ್ಲಿದ ಮೇಲೆ ಆಯ್ದು ಕೊಡದೆ ಅವನಿಗೆ ನಿದ್ರೆ ಬಾರದು. ಒಡಪಿನ ಮರ್ಮ ಇದೇ. ಅದು ಬೇಡದ ವಸ್ತುವಿನ ಮೂಲಕ ಬೇಕಾದ ಶಕ್ತಿಯನ್ನು ಬೆಳೆಸುತ್ತದೆ.

ಪರದೇಶದ ಸಾಕ್ಷಿ ಬೇಕೆನ್ನುವವರಿಗೆ ಒಂದೇ ಮಾತು. ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಏಳು ಸೇತುವೆಗಳಿದ್ದವು. ಪ್ರತಿಯೊಂದನ್ನೂ ಒಮ್ಮೆ ಮಾತ್ರ ದಾಟಿ ಊರನ್ನೆಲ್ಲ ಸುತ್ತಬಹುದೇ ಎಂಬದು ಅಲ್ಲಿಯ ಜನರ ಒಗಟಾಗಿತ್ತು. ಆಯ್ಲರ್ ಎಂಬ ಗಣಿತಜ್ಞನು 1736ರ ಸುಮಾರಿಗೆ ಅದು ಅಸಾಧ್ಯವೆಂದು ಸಾಧಿಸಿದನು. ಬಿಂದುಗಳನ್ನೂ ಅವುಗಳನ್ನು ಕೂಡಿಸುವ ರೇಖೆಗಳನ್ನೂ ವಿಚಾರಿಸುವ ಹೊಸ ಗಣಿತಶಾಖೆಯೊಂದು ಅದರಿಂದ ಹುಟ್ಟಿತು. ಇಂದು ಕೈಯಲ್ಲಿನ ಮೊಬೈಲು ಊರಿಂದೂರಿಗೆ ಹತ್ತಿರದ ದಾರಿಯನ್ನು ಹುಡುಕುವದು ಆ ಶಾಖೆಯ ಬಲದಿಂದಲೇ. ಒಡಪನ್ನು ನಿಷ್ಪ್ರಯೋಜಕವೆನ್ನುವವರು ಆ ಮೊಬೈಲನ್ನೇ ಹಿಡಿದುಕೊಂಡು ದಾರಿ ಕೇಳುತ್ತಿರುವರಲ್ಲ!

ಆದರೆ ಪ್ರಯೋಜನವೊಂದೇ ಒಡಪಿನ ಹುಟ್ಟಿಗೆ ಕಾರಣವೆಂದರೆ ಅದೂ ಅರ್ಧಸತ್ಯವೇ. ಗ್ರೀಕರಿಗೆ ಸ್ಫಿಂಕ್ಸಿನ ಪ್ರಶ್ನೆ, ಯೆಹೂದ್ಯರಿಗೆ ಸ್ಯಾಮ್ಸನ್ನನ ಪ್ರಶ್ನೆ, ಹಳೆಯ ಇಂಗ್ಲಿಷರಿಗೆ ಎಕ್ಸೆಟರ್ ಹಸ್ತಪ್ರತಿಯ ಒಗಟುಗಳು, ಉತ್ತರ ಹಿಂದುಸ್ತಾನಕ್ಕೆ ಅಮೀರ್ ಖುಸ್ರೋವಿನ ಹೆಸರಿನಲ್ಲಿ ಹರಿದು ಬಂದ ಪಹೇಲಿಗಳು, ನಮ್ಮ ನೆರೆಯ ಮರಾಠಿಗರಿಗೆ ಉಖಾಣೆ. ಒಬ್ಬರಿಗೊಬ್ಬರು ಹೇಳಿಕೊಡದೆಯೇ ಇಷ್ಟು ಜನಾಂಗಗಳು ಒಂದೇ ಆಟವನ್ನು ಆಡಿರುವದೇತಕ್ಕೆ? ನನ್ನ ಮತವಿದು: ಮನುಷ್ಯನ ಬಾಳು ಉತ್ತರವಿಲ್ಲದ ಪ್ರಶ್ನೆಗಳಿಂದ ತುಂಬಿದೆ. ಮಳೆ ಏಕೆ ಹೋಯಿತು, ತೊಟ್ಟಿಲಿನ ಕೂಸು ಏಕೆ ಸತ್ತಿತು, ಸತ್ತದ್ದು ಎಲ್ಲಿಗೆ ಹೋಯಿತು? ಇವಕ್ಕೆ ಯಾರೂ ಉತ್ತರ ಕೊಡರು. ಇಂತಹ ಲೋಕದಲ್ಲಿ ಬದುಕಬೇಕಾದವನು, ಉತ್ತರವಿದ್ದೇ ಇರುವ ಪ್ರಶ್ನೆಯೊಂದನ್ನು ತನ್ನ ಕೈಯಿಂದಲೇ ಕಟ್ಟಿಕೊಳ್ಳುತ್ತಾನೆ. ತಾನು ಹಾಕಿದ ಗಂಟನ್ನು ನೆರೆಯವನು ಬಿಡಿಸಿದಾಗ, ಗಂಟೆಂಬದು ಬಿಚ್ಚುವ ವಸ್ತು ಎಂಬ ಧೈರ್ಯ ಇಬ್ಬರಿಗೂ ಹುಟ್ಟುತ್ತದೆ. ಆ ಧೈರ್ಯವಿಲ್ಲದೆ ಯಾವ ಶಾಸ್ತ್ರವೂ ಹುಟ್ಟಲಿಲ್ಲ, ಹುಟ್ಟದು.

ಇಲ್ಲಿ ಒಂದು ಭೇದವನ್ನು ಲಕ್ಷ್ಯದಲ್ಲಿಡಬೇಕು. ಗುಟ್ಟು ಬೇರೆ, ಒಡಪು ಬೇರೆ. ಗುಟ್ಟು ಬಯಲಾಗಬಾರದೆಂದು ಅಡಗುತ್ತದೆ. ಒಡಪು ಬಯಲಾಗಲೆಂದೇ ಅಡಗುತ್ತದೆ. ಆದಕಾರಣ ಒಡಪು ಹಾಕುವವನಿಗೂ ಒಂದು ಧರ್ಮವುಂಟು: ಉತ್ತರವು ಕೇಳುವವನ ಕಣ್ಣೆದುರಿಗೇ ಇರಬೇಕು. ದಂಡಿಯು 16 ಸಾಧುಪ್ರಹೇಲಿಕೆಗಳ ಜೊತೆಗೆ, ಪೂರ್ವಾಚಾರ್ಯರು ಹೇಳಿದ 14 ದುಷ್ಟಪ್ರಹೇಲಿಕೆಗಳೂ ಉಂಟೆಂದಿರುವದು ಈ ಧರ್ಮವನ್ನು ಬಲ್ಲವನಾದ್ದರಿಂದಲೇ. ಸ್ಫಿಂಕ್ಸ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಮನುಷ್ಯ, ಅವನು ಎಲ್ಲೆಲ್ಲಿಯೂ ಇದ್ದಾನೆ. ಸ್ಯಾಮ್ಸನ್ನನು ಕೇಳಿದ್ದು ಅನ್ಯಾಯದ ಪ್ರಶ್ನೆ. ತಾನು ಕೊಂದ ಸಿಂಹದ ಒಡಲಲ್ಲಿ ತಾನೊಬ್ಬನೇ ಕಂಡ ಜೇನನ್ನು ಅವನು ಮದುವೆಗೆ ಬಂದವರ ಮುಂದೆ ಒಗಟು ಮಾಡಿದನು. ಬಿಡಿಸಲಾರದವರು ಅವನ ಹೆಂಡತಿಯನ್ನು ಬೆದರಿಸಿ ಉತ್ತರವನ್ನು ಕದ್ದರು. ಕಡೆಗೆ 30 ಜನರ ಕೊಲೆಯಾಯಿತು. ಅನ್ಯಾಯದ ಪ್ರಶ್ನೆಯು ಕಳ್ಳತನವನ್ನು ಹುಟ್ಟಿಸುತ್ತದೆ. ಪರೀಕ್ಷಾಪತ್ರಿಕೆಗಳನ್ನು ರಚಿಸುವವರು ಈ ಕಥೆಯನ್ನು ಒಮ್ಮೆ ಓದಿ ನೋಡುವದು ಒಳ್ಳೆಯದು.

ಮೂರನೆಯ ವಾದವು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದು. ಓದು ಬಾರದವರ ಸೊತ್ತಂತೆ! ಇದೇ ಮಾನ್ಯಖೇಟದ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಈ ನಾಡಿನ ಜನರು ಕ್ರಮವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯವರು ಎಂದು ಹೊಗಳಿತು. ಸಾವಿರದ ನೂರು ವರ್ಷಗಳ ಹಿಂದೆ ರಾಜಾಸ್ಥಾನವು ಯಾವುದನ್ನು ಹೊಗಳಿತೋ ಅದನ್ನೇ ನಾವೀಗ ನಾಚಿಕೆಯೆನ್ನುತ್ತಿದ್ದೇವೆ. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಮದುಮಗಳು ಗಂಡನ ಹೆಸರನ್ನು ಬರಿದೆ ಹೇಳಳು. ಒಡಪಿನಲ್ಲಿ ಹುದುಗಿಸಿ ಹೇಳುತ್ತಾಳೆ. ಬೀಗರು ಬೀಗರನ್ನು ಒಡಪು ಹಾಕಿ ತಡೆಯುತ್ತಾರೆ. ಹರದೇಶಿ ನಾಗೇಶಿಯ ಮೇಳಗಳು ಪುರುಷ ಹೆಚ್ಚೋ ಪ್ರಕೃತಿ ಹೆಚ್ಚೋ ಎಂದು ರಾತ್ರಿಯೆಲ್ಲ ಪದ ಕಟ್ಟಿ ಸವಾಲು ಹಾಕುತ್ತವೆ. ಎದುರು ಮೇಳವು ಪದದಲ್ಲಿಯೇ ಉತ್ತರ ಕೊಡಬೇಕು. ಆ ಹೊತ್ತಿನಲ್ಲಿ ಗೌಡನೆಂದೂ ಆಳೆಂದೂ ಭೇದವಿಲ್ಲ. ಹಣವಿದ್ದವನು ಒಡಪನ್ನು ಕೊಂಡು ಬಿಡಿಸಲಾರನು. ಕೂಲಿಯವಳು ಬಿಡಿಸಿದರೆ ಅವಳೇ ಗೆದ್ದವಳು. ಊರಿನಲ್ಲಿ ಇಂತಹ ಸಮತೆಯ ಕಣ ಮತ್ತೆಷ್ಟಿವೆ? ಇದ್ದ ಒಂದನ್ನೂ ಹಾಳುಗೆಡವುವದು ಯಾವ ಜಾಣತನ?

ಇನ್ನು ಬೆಡಗು. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೂ, ಕನಕದಾಸರ ಮುಂಡಿಗೆಗಳಿಗೂ ಹಳ್ಳಿಯ ಒಡಪೇ ತಾಯಿ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡಿದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಅವರ ಶಿಷ್ಯಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬರೂ ಒಬ್ಬರು. ಇಲ್ಲಿ ಪಂಡಿತರು ಎರಡು ಬಗೆಯಾಗಿ ಕೆಡಿಸಿದ್ದಾರೆ. ಕೆಲವರು ಕಪ್ಪೆಯೆಂದರೆ ಇದು, ಸರ್ಪವೆಂದರೆ ಅದು ಎಂದು ಶಬ್ದಕ್ಕೊಂದು ಅರ್ಥದ ಪಟ್ಟಿ ಮಾಡಿ, ಓದುಗನು ಯೋಚಿಸುವ ಮೊದಲೇ ಬಾಯಿಗೆ ತುತ್ತಿಡುತ್ತಾರೆ. ಕೆಲವರು, ಇದು ಅನುಭಾವ, ಇದಕ್ಕೆ ಅರ್ಥವೇ ಇಲ್ಲವೆಂದು ಕೈಮುಗಿದು ಎದ್ದುಹೋಗುತ್ತಾರೆ. ಎರಡೂ ಸೋಮಾರಿತನವೇ. ಬೆಡಗನ್ನು ಕಟ್ಟಿದವನು ಕೇಳುವವನಿಂದ ಬೇಡಿದ್ದು ಕೈಮುಗಿತವನ್ನಲ್ಲ, ಕಂಠಪಾಠವನ್ನೂ ಅಲ್ಲ. ಕೊಂಚ ಹೊತ್ತು ತನ್ನೊಡನೆ ಕುಳಿತುಕೊಳ್ಳುವದನ್ನು.

ಈ ಕುಳಿತುಕೊಳ್ಳುವ ಶಕ್ತಿಯೇ ಈಗ ನಮ್ಮ ಮಕ್ಕಳಲ್ಲಿ ಕುಂದುತ್ತಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಹಲಗೆಯ ಮುಂದೆ ನಿಂತವನಾಗಿ ಇದನ್ನು ಹೇಳುತ್ತೇನೆ. ಗೈಡು ಎಂಬ ಪುಸ್ತಕ ಬಂದಿತು. ಪ್ರಶ್ನೆಯನ್ನು ಓದುವ ಮೊದಲೇ ಉತ್ತರವು ಕೈಗೆ ಬಂದಿತು. ಈಗ ಮೊಬೈಲು ಬಂದಿದೆ. ಪ್ರಶ್ನೆಯನ್ನು ಪೂರ್ಣವಾಗಿ ಕೇಳುವ ಶ್ರಮವೂ ತಪ್ಪಿತು. ಉತ್ತರಗಳನ್ನು ಬಲ್ಲ ಮಕ್ಕಳು ಬೇಕಾದಷ್ಟಿದ್ದಾರೆ. "ತಡೆಯಿರಿ ಗುರುಗಳೇ, ಹೇಳಬೇಡಿರಿ, ನಾನೇ ಬಿಡಿಸುತ್ತೇನೆ" ಎನ್ನುವ ಮಗು ಅಪೂರ್ವವಾಗಿದೆ. ಆ ಒಂದು ಮಾತು ಹುಟ್ಟದ ತರಗತಿಯಲ್ಲಿ ನೂರಕ್ಕೆ ನೂರು ಅಂಕಗಳು ಬಂದರೂ ವಿದ್ಯೆ ಬಂದಿತೆಂದು ನಾನು ಒಪ್ಪಲಾರೆ.

ಭಾರತದ ಅರಣ್ಯಪರ್ವದಲ್ಲಿ ನಾಲ್ವರು ಪಾಂಡವರು ಬಾಯಾರಿ ಕೊಳಕ್ಕೆ ಬಂದರು. ಮೊದಲು ನನ್ನ ಪ್ರಶ್ನೆಗೆ ಉತ್ತರಿಸಿ ಆಮೇಲೆ ಕುಡಿಯಿರಿ ಎಂದು ಯಕ್ಷನು ತಡೆದನು. ಅವರು ಬಲದಲ್ಲಿ ಕಡಿಮೆಯವರಲ್ಲ, ಬುದ್ಧಿಯಲ್ಲಿಯೂ ಅಲ್ಲ. ಆದರೆ ಪ್ರಶ್ನೆಯನ್ನು ದಾಟಿ ನೀರಿಗೆ ಕೈಯಿಕ್ಕಿದರು, ಬಿದ್ದರು. ಧರ್ಮರಾಜನಿಗೂ ಬಾಯಾರಿಕೆ ಅಷ್ಟೇ ಇತ್ತು. ಅವನು ನಿಂತನು, ಕೇಳಿದನು, ಉತ್ತರಿಸಿದನು. ತಾನೂ ಬದುಕಿ ತಮ್ಮಂದಿರನ್ನೂ ಬದುಕಿಸಿದನು. ನಮ್ಮ ಶಾಲೆಗಳು ಈಗ ಪ್ರಶ್ನೆಯನ್ನು ದಾಟಿ ನೀರು ಕುಡಿಸುವ ಉಪಾಯವನ್ನೇ ಶಿಕ್ಷಣವೆಂದು ಕರೆಯುತ್ತಿವೆ. ಪರಿಣಾಮವೇನೆಂಬದನ್ನು ವ್ಯಾಸರೇ ಬರೆದಿಟ್ಟಿದ್ದಾರೆ.

ಬರೀ ಖಂಡನೆಯಿಂದ ಕಾರ್ಯವಾಗದು, ಆಗಬೇಕಾದುದನ್ನೂ ಹೇಳುತ್ತೇನೆ. ಮೊದಲನೆಯದು ಮನೆಯವರಿಗೆ. ನಿಮ್ಮ ಮನೆಯಲ್ಲಿ ಅಜ್ಜಿಯಿದ್ದರೆ ಅವರ ಬಾಯಲ್ಲಿರುವ ಒಡಪುಗಳನ್ನು ಈ ವರ್ಷವೇ ಬರೆದಿಡಿರಿ. ಹೇಳಿದವರ ಊರನ್ನೂ ಬರೆಯಿರಿ. ಆಯಸ್ಸು ನಮ್ಮ ಪುರುಸೊತ್ತಿಗೆ ಕಾಯುವದಿಲ್ಲ. ಎರಡನೆಯದು ನಮ್ಮ ಸಂಘಕ್ಕೆ. ಈ ಪತ್ರಿಕೆಯಲ್ಲಿ ತಿಂಗಳಿಗೆ ಐದು ಒಡಪುಗಳು ಬರಲಿ. ಉತ್ತರಗಳು ಮುಂದಿನ ಸಂಚಿಕೆಗೆ ಮೊದಲು ಬಾರದಿರಲಿ. ಮೂರನೆಯದು ವಿದ್ವಾಂಸರಿಗೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನಮ್ಮ ಕಡಗಂಚಿಯಲ್ಲಿಯೇ ಇದೆ. ದೇಶದ ನಾನಾ ಭಾಗಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ಆ ಪ್ರಾಂಗಣಕ್ಕೂ ಸುತ್ತಲಿನ ಹೊಲಗಳಲ್ಲಿ ತೊಗರಿ ಕೊಯ್ಯುವ ತಾಯಂದಿರಿಗೂ ನಡುವೆ ಬಹಳ ದೂರವಿಲ್ಲ; ಆ ದೂರವನ್ನು ಯಾರು ಮೊದಲು ನಡೆಯಬೇಕೆಂಬದು ಕಲಿತವರಿಗೆ ತಿಳಿಯದ ಒಡಪಲ್ಲ. ನಾಲ್ಕನೆಯದು ಉಪಾಧ್ಯಾಯರಿಗೆ. ವಾರಕ್ಕೊಂದು ಗಳಿಗೆ ಒಡಪಿಗೆ ಕೊಡಿರಿ. ಬಿಡಿಸಿದ ಮಗುವಿಗೆ ಶಾಬಾಸ್ ಎನ್ನಿರಿ, ಹೊಸದನ್ನು ಕಟ್ಟಿದ ಮಗುವಿಗೆ ಎರಡು ಸಲ ಎನ್ನಿರಿ. ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿರಿ. ನಕ್ಕವರಿಗೇ ಒಂದು ಒಡಪು ಹಾಕಿರಿ.

ಹೇಳಿದ್ದನ್ನು ಮಾಡಿ ತೋರಿಸುವದು ನ್ಯಾಯವಾದ್ದರಿಂದ ಮೊದಲನೆಯದನ್ನು ನಾನೇ ಕಟ್ಟಿ ಕಳಿಸುತ್ತೇನೆ: ಬಡಿದಷ್ಟು ಬೆಳೆವಳು, ಬೆಂಕಿ ಕಂಡರೆ ಬೀಗುವಳು, ಸದ್ದು ಮಾಡಿ ಹುಟ್ಟುವಳು, ಸದ್ದಿಲ್ಲದೆ ಹೋಗುವಳು, ಯಾರವಳು? ಉತ್ತರವನ್ನು ಬರೆಯುವದಿಲ್ಲ. ನಮ್ಮ ಸೀಮೆಯ ಯಾವ ಮನೆಯಲ್ಲಿಯೂ ಅದನ್ನು ಹುಡುಕಲು ಅಡಿಗೆಮನೆಯನ್ನು ದಾಟಿ ಹೋಗಬೇಕಾದ ಕಾರಣವಿಲ್ಲ.